ಹಾಲಿನ ಹನಿಯಲ್ಲಿ ಲೇಸರ್: ದ್ರವದಲ್ಲಿ ತೇಲುವ ಕಣಗಳನ್ನು ಬೆಳಕಿನಿಂದ ಅಳೆಯುವ ಸಮಗ್ರ ಮಾರ್ಗದರ್ಶಿ

ಲೋಟದ ನೀರಿಗೆ ಎರಡು ಹನಿ ಹಾಲು ಬಿಟ್ಟು, ಲೇಸರ್ ಹಾಯಿಸಿ, ಬೆಳಕಿನ ದಾರಿ ಕಂಡ ಕೂಡಲೇ ‘ಇದು ಟಿಂಡಾಲ್ ಪರಿಣಾಮ’ ಎಂದು ದಾಖಲೆ ಪುಸ್ತಕದಲ್ಲಿ ಬರೆದು ಕೈ ತೊಳೆದುಕೊಳ್ಳುವುದು ಶಾಲಾ ಪ್ರಯೋಗಾಲಯಗಳ ವಾಡಿಕೆ. ಪ್ರಯೋಗ ಶುರುವಾಗಬೇಕಾದದ್ದೇ ಅಲ್ಲಿಂದ. ಆ ಬೆಳಕು ಯಾವ ದಿಕ್ಕಿಗೆ ಎಷ್ಟು ಹೋಗುತ್ತಿದೆ, ಯಾವ ಬಣ್ಣ ಹೆಚ್ಚು ಚದುರುತ್ತಿದೆ, ಅದರ ಧ್ರುವೀಕರಣ (ಅಲೆ ಕಂಪಿಸುವ ದಿಕ್ಕು) ಹೇಗಿದೆ, ಅದು ಎಷ್ಟು ಬೇಗ ಮಿನುಗುತ್ತಿದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸರಿಯಾಗಿ ಸಿಗದ ಕಣದ ಗಾತ್ರ ಕೈಗೆ ಸಿಗುತ್ತದೆ. ನಾಲ್ಕರಲ್ಲಿ ಕೊನೆಯದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಸಂಗತಿ ಇರುವುದು ಅದರಲ್ಲೇ. ಹಾಗಾಗಿ ಈ ಬರಹದಲ್ಲಿ ಮಿನುಗಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪಿಯುಸಿ ಮಟ್ಟದ ಭೌತವಿಜ್ಞಾನ ಗೊತ್ತಿದ್ದವರು ಇಲ್ಲಿನ ಎಲ್ಲವನ್ನೂ ಮನೆಯಲ್ಲೇ ಮಾಡಬಹುದು. ಲೆಕ್ಕ ಬೇಡವೆನ್ನುವವರು ಲೆಕ್ಕದ ಸಾಲುಗಳನ್ನು ಬಿಟ್ಟು ಓದಿದರೂ ಪ್ರಯೋಗ ಕೆಡುವುದಿಲ್ಲ.

ಒಳಗೆ ನಡೆಯುವುದೇನು

ಬೆಳಕಿನ ವಿದ್ಯುತ್ ಕ್ಷೇತ್ರ ಕಣದೊಳಗಿನ ಎಲೆಕ್ಟ್ರಾನುಗಳನ್ನು ಅಲುಗಾಡಿಸುತ್ತದೆ. ಅಲುಗಾಡುವ ಎಲೆಕ್ಟ್ರಾನುಗಳು ಸುತ್ತಲೂ ಬೆಳಕನ್ನು ಹೊರಸೂಸುತ್ತವೆ. ಚದುರುವಿಕೆ ಎಂದರೆ ಇಷ್ಟೇ. ಆದರೆ ಕಣದ ವಕ್ರೀಭವನ ಸೂಚ್ಯಂಕವು ಸುತ್ತಲಿನ ದ್ರವದ ಸೂಚ್ಯಂಕಕ್ಕಿಂತ ಬೇರೆ ಇದ್ದಾಗ ಮಾತ್ರ ಅದು ನಮಗೆ ಕಾಣುತ್ತದೆ. ನೀರಿನದು 1.33. ಅದೇ ಸೂಚ್ಯಂಕದ ಕಣವೊಂದು ನೀರಿನಲ್ಲಿದ್ದರೆ ಲೇಸರ್ ಅದನ್ನು ಗಮನಿಸದೆಯೇ ದಾಟಿಹೋಗುತ್ತದೆ.

ಕಣವು ಬೆಳಕಿನ ತರಂಗಾಂತರಕ್ಕಿಂತ ತುಂಬ ಚಿಕ್ಕದಾಗಿದ್ದರೆ ರೇಲಿ 1871ರಲ್ಲಿ ಕೊಟ್ಟ ನಿಯಮ ಅನ್ವಯಿಸುತ್ತದೆ. ಚದುರುವಿಕೆಯ ಪ್ರಮಾಣ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿಯೂ, ಕಣದ ವ್ಯಾಸದ ಆರನೇ ಘಾತಕ್ಕೆ ನೇರವಾಗಿಯೂ ಇರುತ್ತದೆ. ಈ ಆರನೇ ಘಾತವನ್ನು ನೆನಪಿನಲ್ಲಿಡಿ. ಹತ್ತು ಪಟ್ಟು ದೊಡ್ಡ ಕಣ ಹತ್ತು ಲಕ್ಷ ಪಟ್ಟು ಹೆಚ್ಚು ಚದುರಿಸುತ್ತದೆ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧಕ್ಕೆ ಇದೇ ಕಾರಣ. ಕಣ ತರಂಗಾಂತರದ ಆಸುಪಾಸಿಗೆ ಬಂದಾಗ ರೇಲಿಯ ಸರಳ ಲೆಕ್ಕ ಸಾಲದು. ಚಿನ್ನದ ಕಲಿಲಗಳ, ಅಂದರೆ ದ್ರವದಲ್ಲಿ ತೇಲುವ ಚಿನ್ನದ ಸೂಕ್ಷ್ಮ ಕಣಗಳ, ಬಣ್ಣವನ್ನು ವಿವರಿಸಲು ಗುಸ್ಟಾವ್ ಮೀ 1908ರಲ್ಲಿ ಕೊಟ್ಟ ಪೂರ್ಣ ಗಣಿತ ಆಗ ಬೇಕಾಗುತ್ತದೆ. ಅಂಥ ಚಿನ್ನದ ಕಲಿಲಗಳನ್ನು ಮೈಕೆಲ್ ಫ್ಯಾರಡೆ 1857ರ ಹೊತ್ತಿಗೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತಯಾರಿಸಿ, ಬೆಳಕಿನ ಕಿರಣ ಹಾಯಿಸಿ ನೋಡಿದ್ದ. ಜಾನ್ ಟಿಂಡಾಲ್ ಅದೇ ಸಂಸ್ಥೆಯಲ್ಲಿ ಅವನ ನಂತರ ಬಂದವನು.

ಮೊದಲು ಕಣ್ಣು

ಸಾಮಗ್ರಿಯ ಮಾತಿಗೆ ಮೊದಲು ಇದನ್ನು ಓದಿ. 1 ಮಿಲಿವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಎರಡನೇ ದರ್ಜೆಯ ಕೆಂಪು ಲೇಸರ್ ಈ ಎಲ್ಲ ಪ್ರಯೋಗಗಳಿಗೂ ಸಾಕು. ಅಂಗಡಿಯಲ್ಲಿ ಸಿಗುವ ಅಗ್ಗದ ಹಸಿರು ಪಾಯಿಂಟರ್‌ಗಳ ಮೇಲಿನ ಚೀಟಿಯನ್ನು ನಂಬಬೇಡಿ. ಅವುಗಳೊಳಗೆ 808 ಮತ್ತು 1064 ನ್ಯಾನೋಮೀಟರಿನ ಅವಕೆಂಪು ಬೆಳಕು ಹುಟ್ಟುತ್ತದೆ. ಅದನ್ನು ತಡೆಯುವ ಶೋಧಕ ಗಾಜನ್ನು ಖರ್ಚು ಉಳಿಸಲು ಹಲವರು ಹಾಕಿರುವುದಿಲ್ಲ. ಆ ಬೆಳಕು ಕಣ್ಣಿಗೆ ಕಾಣದು. ಆದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವ ಸಹಜ ರಕ್ಷಣೆಯೂ ಒದಗುವುದಿಲ್ಲ.

ಲೇಸರನ್ನು ಕೈಯಲ್ಲಿ ಹಿಡಿಯದೆ ಬಟ್ಟೆ ಕ್ಲಿಪ್ಪಿನಿಂದಲೋ ಮರದ ತುಂಡಿಗೆ ಕಟ್ಟಿಯೋ ಭದ್ರಪಡಿಸಿ. ಕಿರಣ ಮೇಜಿಗೆ ಸಮಾನಾಂತರವಾಗಿ, ಕುಳಿತವರ ಕಣ್ಣಿಗಿಂತ ಸಾಕಷ್ಟು ಕೆಳಗೆ ಹರಿಯಲಿ. ಅದು ಕೊನೆಗೊಳ್ಳುವಲ್ಲಿ ಕಪ್ಪು ಕಾಗದ ಇರಲಿ. ಗಾಜಿನ ಗೋಡೆಯಿಂದ ಮತ್ತು ದ್ರವದ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಎಲ್ಲಿ ಬೀಳುತ್ತಿದೆ ಎಂದು ಹುಡುಕಿ, ಅಲ್ಲಿಯೂ ಕಪ್ಪು ಕಾಗದ ಇಡಿ. ಕಿರಣದ ಎದುರಿಗೆ ನಿಂತು ಯಾವತ್ತೂ ನೋಡಬೇಡಿ. ಮೊಬೈಲ್ ಕ್ಯಾಮೆರಾವನ್ನೂ ನೇರ ಕಿರಣಕ್ಕೆ ಒಡ್ಡಬೇಡಿ, ಅದರ ಸಂವೇದಕ ಹಾಳಾಗಬಹುದು. ಮಕ್ಕಳಿದ್ದರೆ ಲೇಸರಿನ ಗುಂಡಿ ದೊಡ್ಡವರ ಕೈಯಲ್ಲೇ ಇರಬೇಕು.

ಬೇಕಾದ ಸಾಮಗ್ರಿ

ಕೆಂಪು ಲೇಸರ್ (650 ನ್ಯಾನೋಮೀಟರ್). ಸಾಧ್ಯವಾದರೆ ಜೊತೆಗೆ ಭರವಸೆಯ ತಯಾರಕರ, 1 ಮಿಲಿವ್ಯಾಟ್ ಒಳಗಿನ ಹಸಿರು ಲೇಸರ್ (532). ಚಪ್ಪಟೆ ಗೋಡೆಯ ಗಾಜಿನ ಪಾತ್ರೆ: ಚಿಕ್ಕ ಮೀನಿನ ತೊಟ್ಟಿಯಾದರೂ ಸರಿ, ಚೌಕ ಉಪ್ಪಿನಕಾಯಿ ಬಾಟಲಿಯಾದರೂ ಸರಿ. ದುಂಡು ಲೋಟ ಬೇಡ, ಅದು ಮಸೂರದಂತೆ ವರ್ತಿಸಿ ಕಿರಣವನ್ನು ಹಿಗ್ಗಿಸುತ್ತದೆ. ಪ್ಲಾಸ್ಟಿಕ್ ಡಬ್ಬವೂ ಬೇಡ, ಅಚ್ಚಿನಲ್ಲಿ ಒತ್ತುವಾಗ ಉಳಿದ ಒಳ ಬಿಗಿತದಿಂದಾಗಿ ಅದು ಬೆಳಕಿನ ಧ್ರುವೀಕರಣವನ್ನು ಕೆಡಿಸುತ್ತದೆ.

ಕೆನೆ ತೆಗೆದ ಹಾಲಿನ ಪುಡಿ, ಔಷಧಿ ಅಂಗಡಿಯ ಶುದ್ಧ ಗ್ಲಿಸರಿನ್, ಬಿಳಿ ಎಮಲ್ಷನ್ ಬಣ್ಣ ಒಂದು ಚಮಚ, ಹನಿ ಹಾಕುವ ಡ್ರಾಪರ್, ಒಂದು ಮಿಲಿಮೀಟರ್ ತೂತು ಮಾಡಿದ ರಟ್ಟು, ಮೊಬೈಲ್ ಮತ್ತು ಅದಕ್ಕೊಂದು ನಿಲುವು. ಅಳತೆ ಮಾಡುವ ಉತ್ಸಾಹವಿದ್ದರೆ ಬಿಪಿಡಬ್ಲ್ಯು34 ಎಂಬ ಫೋಟೊಡಯೋಡ್ ಮತ್ತು ಮೈಕ್ರೋಆಂಪಿಯರ್ ತೋರಿಸುವ ಮಲ್ಟಿಮೀಟರ್. ಬೆಂಗಳೂರಿನವರಾದರೆ ಎಸ್‌ಪಿ ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇಂಥವು ಸಿಗುತ್ತವೆ. ಹಳೆಯ ಕ್ಯಾಲ್ಕುಲೇಟರಿನ ಸೌರಫಲಕವನ್ನು ಬಳಸುವ ಉಪಾಯ ಹಲವರಿಗೆ ಹೊಳೆಯುತ್ತದೆ, ಆದರೆ ಅದು ನಡೆಯುವುದಿಲ್ಲ. ಅದರಲ್ಲಿ ಹಲವು ಕೋಶಗಳು ಸರಣಿಯಲ್ಲಿರುತ್ತವೆ. ಲೇಸರ್ ಚುಕ್ಕೆ ಒಂದರ ಮೇಲೆ ಮಾತ್ರ ಬಿದ್ದಾಗ ಕತ್ತಲಲ್ಲಿರುವ ಉಳಿದವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ.

ಹಂತ 1: ಬರೀ ನೀರು

ಹಾಲು ಹಾಕುವ ಆತುರ ಬೇಡ. ಕೋಣೆಯನ್ನು ಕತ್ತಲೆ ಮಾಡಿ, ಶೋಧಿಸಿದ ನೀರನ್ನು ಪಾತ್ರೆಗೆ ತುಂಬಿ, ಅರ್ಧ ಗಂಟೆ ಹಾಗೆಯೇ ಬಿಟ್ಟು ಲೇಸರ್ ಹಾಯಿಸಿ. ಪಕ್ಕದಿಂದ ನೋಡಿದಾಗ ನಿರಂತರವಾದ ಗೆರೆ ಕಾಣಬಾರದು. ಅಲ್ಲೊಂದು ಇಲ್ಲೊಂದು ಚುಕ್ಕೆ ಮಿಂಚಿ, ನಿಧಾನವಾಗಿ ತೇಲಿ ಕಿರಣದಿಂದ ಆಚೆ ಹೋಗುವುದು ಕಾಣುತ್ತದೆ. ಅವು ಧೂಳು. ಆರನೇ ಘಾತದ ಲೆಕ್ಕದ ಪ್ರಕಾರ ಒಂದು ಧೂಳಿನ ಕಣ ಲಕ್ಷಗಟ್ಟಲೆ ಸೂಕ್ಷ್ಮ ಕಣಗಳ ಬೆಳಕನ್ನು ಮುಚ್ಚಿಹಾಕಬಲ್ಲದು. ಕೊಳವೆಬಾವಿಯ ನೀರಾದರೆ ಹಾಲು ಹಾಕುವ ಮುಂಚೆಯೇ ಗೆರೆ ಕಂಡರೂ ಆಶ್ಚರ್ಯವಿಲ್ಲ. ಶೋಧಿಸಿದ ನೀರಿಗೇ ಒಂದು ಚಮಚ ಉಪ್ಪು ಕರಗಿಸಿ ನೋಡಿ. ಉಪ್ಪು ಅಯಾನುಗಳಾಗಿ ಕರಗಿಹೋಗುವುದರಿಂದ ಹೊಸ ಗೆರೆ ಹುಟ್ಟಬಾರದು. ಹುಟ್ಟಿದರೆ ತಪ್ಪು ಉಪ್ಪಿನಲ್ಲಿದೆ: ಅಡುಗೆ ಉಪ್ಪಿಗೆ ಗಂಟು ಕಟ್ಟದಂತೆ ಸೇರಿಸುವ, ನೀರಿನಲ್ಲಿ ಕರಗದ ಪದಾರ್ಥ ನಿಮ್ಮ ಲೇಸರಿಗೆ ಸಿಕ್ಕಿಬಿದ್ದಿದೆ.

ಧೂಳಿನ ಈ ಕಾಟವನ್ನು ಸಿ.ವಿ. ರಾಮನ್ ಚೆನ್ನಾಗಿ ಬಲ್ಲವರು. 1921ರಲ್ಲಿ ಇಂಗ್ಲೆಂಡಿನಿಂದ ‘ನಾರ್ಕುಂಡಾ’ ಹಡಗಿನಲ್ಲಿ ಮರಳುವಾಗ ಅವರು ನಿಕೋಲ್ ಪಟ್ಟಕ (ಒಂದೇ ರೇಖೆಯಲ್ಲಿ ಕಂಪಿಸುವ ಬೆಳಕನ್ನಷ್ಟೇ ಹಾಯಗೊಡುವ ಸ್ಫಟಿಕ) ಹಿಡಿದು, ಸಮುದ್ರದ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ಅಳಿಸಿಹಾಕಿ ನೋಡಿದರು. ನೀಲಿ ಉಳಿದೇ ಇತ್ತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಹೀಗೆ. 1928ರಲ್ಲಿ ಕೆ.ಎಸ್. ಕೃಷ್ಣನ್ ಜೊತೆಗೂಡಿ ಹೊಸ ವಿಕಿರಣವನ್ನು ಕಂಡಾಗಲೂ, ದ್ರವಗಳನ್ನು ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿ ಧೂಳನ್ನು ಕಳೆದ ಮೇಲೆಯೇ ಆ ಕ್ಷೀಣ ಬೆಳಕು ಕಣ್ಣಿಗೆ ಬಿದ್ದದ್ದು.

ಹಂತ 2: ಹನಿ ಹಾಕುವುದು

ಒಂದು ಲೋಟ ನೀರಿಗೆ ಅರ್ಧ ಚಮಚ ಹಾಲಿನ ಪುಡಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಇದು ಮೂಲ ದ್ರಾವಣ. ಕೆನೆ ತೆಗೆದ ಹಾಲು ಬೇಕೇ ಬೇಕು. ಸಾಮಾನ್ಯ ಹಾಲಿನಲ್ಲಿ ಎರಡು ಬಗೆಯ ಕಣಗಳಿವೆ. ಜಿಡ್ಡಿನ ಗೋಲಗಳ ಗಾತ್ರ 0.1ರಿಂದ 10 ಮೈಕ್ರೋಮೀಟರ್ ತನಕ ಹರಡಿರುತ್ತದೆ. ಕೇಸೀನ್ ಪ್ರೋಟೀನಿನ ಕಣಗಳು ಸರಾಸರಿ 150 ನ್ಯಾನೋಮೀಟರಿನ ಆಸುಪಾಸಿನಲ್ಲಿರುತ್ತವೆ. ಜಿಡ್ಡು ಉಳಿದರೆ ಕೇಸೀನಿನ ಸುದ್ದಿ ಕೇಳಿಸುವುದೇ ಇಲ್ಲ.

ಪಾತ್ರೆಯ ನೀರಿಗೆ ಒಂದೊಂದೇ ಹನಿ ಹಾಕಿ, ಕಲಕಿ, ಕಾದು ನೋಡಿ. ಮೊದಲು ತೆಳುವಾದ, ಅಂಚು ಚೂಪಾದ ಗೆರೆ ಕಾಣಿಸುತ್ತದೆ. ಹನಿಗಳು ಹೆಚ್ಚಿದಂತೆ ಗೆರೆ ಪ್ರಕಾಶಮಾನವಾಗುತ್ತದೆ. ಒಂದು ಹಂತದ ನಂತರ ಗೆರೆಯ ಸುತ್ತ ಮಬ್ಬು ಪ್ರಭೆ ಹಬ್ಬಿ, ಪಾತ್ರೆಯ ಮೂಲೆಗಳೂ ಕೆಂಪಾಗುತ್ತವೆ. ಅಲ್ಲಿ ನಿಲ್ಲಿಸಿ, ಅರ್ಧ ನೀರು ಚೆಲ್ಲಿ ತಿಳಿಗೊಳಿಸಿ. ಮೂಲೆ ಕೆಂಪಾಯಿತೆಂದರೆ ಒಂದು ಕಣ ಚದುರಿಸಿದ ಬೆಳಕನ್ನು ಇನ್ನೊಂದು ಕಣ ಮತ್ತೆ ಚದುರಿಸುತ್ತಿದೆ. ಮುಂದಿನ ಹಂತದಲ್ಲಿ ಪ್ರತಿ ಫೋಟಾನ್ ಒಂದೇ ಬಾರಿ ಚದುರಬೇಕು. ಪಾತ್ರೆಯ ಉದ್ದಕ್ಕೂ ಹಾದುಬಂದ ಕಿರಣ ಶೇ 10ಕ್ಕಿಂತ ಹೆಚ್ಚು ಕುಂದಬಾರದು ಎಂಬುದು ಒಳ್ಳೆಯ ಲಕ್ಷ್ಮಣರೇಖೆ.

ಹಂತ 3: ಲೇಸರನ್ನು ತನ್ನ ಅಕ್ಷದ ಮೇಲೆ ಹೊರಳಿಸಿ

ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ, ಆದರೂ ಮಾಡಿ ನೋಡಿದವರು ಕಡಿಮೆ. ಕೆಂಪು ಡಯೋಡ್ ಲೇಸರಿನ ಬೆಳಕು ಸಾಮಾನ್ಯವಾಗಿ ಹುಟ್ಟುವಾಗಲೇ ಧ್ರುವೀಕೃತವಾಗಿರುತ್ತದೆ. ಅಂದರೆ ಅದರ ವಿದ್ಯುತ್ ಕ್ಷೇತ್ರ ಒಂದೇ ರೇಖೆಯಲ್ಲಿ ಕಂಪಿಸುತ್ತದೆ. ಕ್ಲಿಪ್ಪನ್ನು ಸಡಿಲಿಸಿ, ಕಿರಣದ ದಿಕ್ಕು ಬದಲಾಗದಂತೆ ಲೇಸರ್ ಕೊಳವೆಯನ್ನು ಬೆರಳುಗಳ ನಡುವೆ ಮೆಲ್ಲಗೆ ಉರುಳಿಸಿ. ಕಣ್ಣು ಕಿರಣಕ್ಕೆ ನೇರ ಲಂಬವಾಗಿ ಪಕ್ಕದಲ್ಲಿರಲಿ.

ಗೆರೆ ಮಂಕಾಗುತ್ತಾ ಬಂದು, ಒಂದು ಸ್ಥಾನದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಇನ್ನೂ ಕಾಲು ಸುತ್ತು ಉರುಳಿಸಿದರೆ ಮತ್ತೆ ಬೆಳಗುತ್ತದೆ. ಮಾಯವಾದ ಸ್ಥಾನದಲ್ಲಿ ಲೇಸರನ್ನು ಹಾಗೆಯೇ ಬಿಟ್ಟು, ಎದ್ದು ನಿಂತು ಪಾತ್ರೆಯ ಮೇಲಿನಿಂದ ಕೆಳಕ್ಕೆ ನೋಡಿ. ಪಕ್ಕದಿಂದ ಕಾಣದ ಗೆರೆ ಅಲ್ಲಿಂದ ಢಾಳಾಗಿ ಕಾಣುತ್ತದೆ. ಇಬ್ಬರಿದ್ದರೆ ಒಬ್ಬರು ಪಕ್ಕದಲ್ಲಿ, ಒಬ್ಬರು ಮೇಲೆ ನಿಂತು ಒಂದೇ ಹೊತ್ತಿಗೆ ನೋಡಬಹುದು. ಒಬ್ಬರು ‘ಬಂತು’ ಎನ್ನುವಾಗ ಇನ್ನೊಬ್ಬರು ‘ಹೋಯಿತು’ ಎನ್ನುತ್ತಾರೆ.

ಕಾರಣ ಸರಳ. ಎಲೆಕ್ಟ್ರಾನುಗಳು ಯಾವ ರೇಖೆಯಲ್ಲಿ ಕಂಪಿಸುತ್ತವೆಯೋ ಆ ರೇಖೆಯ ದಿಕ್ಕಿಗೆ ಬೆಳಕನ್ನು ಸೂಸಲಾರವು. ಕ್ಷೇತ್ರವು ನಿಮ್ಮ ಕಣ್ಣಿನ ದಿಕ್ಕಿಗೇ ಕಂಪಿಸುತ್ತಿದ್ದಾಗ ನಿಮಗೆ ಬರುವ ಬೆಳಕು ಸೊನ್ನೆ. ಆದರೆ ಇದು ಅಚ್ಚುಕಟ್ಟಾಗಿ ನಡೆಯುವುದು ಚಿಕ್ಕ ಕಣಗಳಲ್ಲಿ ಮಾತ್ರ. ಈಗ ಅದೇ ನೀರಿಗೆ ಕೆನೆಭರಿತ ಹಾಲಿನ ಒಂದು ಹನಿ ಸೇರಿಸಿ ಮತ್ತೆ ಉರುಳಿಸಿ. ಗೆರೆ ಮಂಕಾದರೂ ಮೊದಲಿನಂತೆ ಅಳಿಸಿಹೋಗುವುದಿಲ್ಲ. ‘ಎಷ್ಟು ಪೂರ್ತಿಯಾಗಿ ಮಾಯವಾಗುತ್ತದೆ’ ಎಂಬುದೇ ಕಣಗಳ ಗಾತ್ರದ ಮೊದಲ ಅಂದಾಜು. ಉರುಳಿಸಿದಾಗ ಏನೂ ವ್ಯತ್ಯಾಸವಾಗದಿದ್ದರೆ ಹನಿಗಳು ಹೆಚ್ಚಾಗಿವೆ ಅಥವಾ ನಿಮ್ಮ ಪಾತ್ರೆ ಪ್ಲಾಸ್ಟಿಕ್ಕಿನದು.

ದಿಕ್ಕಿನ ವಿಷಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಚಿಕ್ಕ ಕಣ ಮುಂದಕ್ಕೂ ಹಿಂದಕ್ಕೂ ಸಮನಾಗಿ ಚದುರಿಸುತ್ತದೆ. ದೊಡ್ಡದು ಬಹುಪಾಲನ್ನು ಮುಂದಕ್ಕೇ ತಳ್ಳುತ್ತದೆ. ಪಾತ್ರೆಯ ಸುತ್ತ ಬಿಳಿ ಕಾಗದದ ಅರ್ಧವೃತ್ತ ನಿಲ್ಲಿಸಿ, ನೇರ ಕಿರಣ ಹೊರಹೋಗಲು ಒಂದು ಕಿಂಡಿ ಬಿಟ್ಟು, ಕಾಗದ ಎಲ್ಲಿ ಹೆಚ್ಚು ಬೆಳಗಿದೆ ಎಂದು ನೋಡಿದರೆ ಸಾಕು.

ಹಂತ 4: ಬಣ್ಣ ಮತ್ತು ನಷ್ಟದ ಲೆಕ್ಕ

ಫೋಟೊಡಯೋಡನ್ನು ಪಾತ್ರೆಯ ಆಚೆ ಬದಿಯಲ್ಲಿ, ಕಿರಣ ನೇರವಾಗಿ ಬೀಳುವಂತೆ ಇಡಿ. ಮಲ್ಟಿಮೀಟರನ್ನು ಮೈಕ್ರೋಆಂಪಿಯರ್ ವ್ಯಾಪ್ತಿಯಲ್ಲಿ ಅದರ ಎರಡು ಕಾಲುಗಳಿಗೆ ಜೋಡಿಸಿ. ಬ್ಯಾಟರಿ ಬೇಕಿಲ್ಲ, ಬೆಳಕಿಗೆ ಅನುಪಾತದಲ್ಲಿ ವಿದ್ಯುತ್ ತಾನೇ ಹರಿಯುತ್ತದೆ. ಡಯೋಡಿನ ಮುಂದೆ ಕಪ್ಪು ಬಣ್ಣ ಬಳಿದ ಸಣ್ಣ ಕೊಳವೆಯೊಂದಿರಲಿ. ಇಲ್ಲದಿದ್ದರೆ ಸ್ವಲ್ಪವೇ ಓರೆಯಾಗಿ ಚದುರಿದ ಬೆಳಕೂ ಒಳನುಗ್ಗಿ, ಕಿರಣ ಕುಂದಿಯೇ ಇಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ.

ಲೇಸರ್ ಉರಿಸಿ ಎರಡು ನಿಮಿಷ ಬಿಡಿ. ಬರೀ ನೀರಿನ ಅಳತೆಯನ್ನು 1 ಎಂದಿಟ್ಟುಕೊಂಡು ಪ್ರತಿ ಬಾರಿಯ ಅಳತೆಯನ್ನು ಅದರಿಂದ ಭಾಗಿಸಿ. ಎರಡು ಹನಿಗೆ 0.90 ಬಂದರೆ ನಾಲ್ಕಕ್ಕೆ 0.81, ಎಂಟಕ್ಕೆ 0.66ರ ಸಮೀಪ ಬರಬೇಕು. ಹನಿ ಇಮ್ಮಡಿಯಾದರೆ ಉಳಿಯುವ ಪಾಲು ವರ್ಗವಾಗುತ್ತದೆ. ಹಾಗೆ ಬರದೆ ನಿರೀಕ್ಷೆಗಿಂತ ಹೆಚ್ಚು ಬೆಳಕು ಉಳಿದರೆ, ಮರುಚದುರುವಿಕೆ ಡಯೋಡಿನೊಳಕ್ಕೆ ನುಸುಳುತ್ತಿದೆ. ಲೇಸರಿನ ಬ್ಯಾಟರಿ ಇಳಿಯುತ್ತಾ ಹೋಗುವುದರಿಂದ ಪ್ರಯೋಗದ ಕೊನೆಯಲ್ಲಿ ಮತ್ತೊಮ್ಮೆ ಬರೀ ನೀರನ್ನು ಅಳೆಯಲೇಬೇಕು. ಮೊದಲಿನ ಅಂಕಿ ಮರಳದಿದ್ದರೆ ಆ ಸರಣಿಯನ್ನೇ ಬಿಟ್ಟುಬಿಡಿ.

ಈಗ ಅದೇ ದ್ರಾವಣವನ್ನು ಹಸಿರು ಲೇಸರಿನಿಂದ ಅಳೆಯಿರಿ. ಎರಡೂ ಅನುಪಾತಗಳ ನ್ಯಾಚುರಲ್ ಲಾಗರಿದಮ್ ತೆಗೆದು, ಹಸಿರಿನದನ್ನು ಕೆಂಪಿನದರಿಂದ ಭಾಗಿಸಿ. ಕಣಗಳು ನಿಜಕ್ಕೂ ಚಿಕ್ಕವಾಗಿದ್ದರೆ ಉತ್ತರ 650 ಭಾಗಿಸು 532ರ ನಾಲ್ಕನೇ ಘಾತದ ಸಮೀಪ, ಅಂದರೆ 2.2ರ ಹತ್ತಿರ ಇರುತ್ತದೆ. ಕೆನೆಭರಿತ ಹಾಲಿನಲ್ಲಿ ಅದು 1ರ ಕಡೆಗೆ ಇಳಿಯುತ್ತದೆ. ದೊಡ್ಡ ಗೋಲಗಳಿಗೆ ಬಣ್ಣದ ಭೇದ ಅಷ್ಟಾಗಿ ಇಲ್ಲ. ಹಾಲು ಬಿಳಿಯಾಗಿ, ತೀರಾ ತೆಳುಮಾಡಿದ ಕೆನೆರಹಿತ ಹಾಲು ನೀಲಿ ಛಾಯೆಯಲ್ಲಿ ಕಾಣುವುದು ಇದರಿಂದಲೇ.

ಹಂತ 5: ಗ್ಲಿಸರಿನ್ನಿನಲ್ಲಿ ಕುಣಿಯುವ ಚುಕ್ಕೆಗಳು

ಇಲ್ಲಿಯವರೆಗಿನ ಕೆಲಸವನ್ನು ಟಾರ್ಚಿನಿಂದಲೂ ಹೇಗೋ ಮಾಡಬಹುದಿತ್ತು. ಲೇಸರೇ ಆಗಬೇಕೆನ್ನುವ ಕೆಲಸ ಈಗ ಬರುತ್ತದೆ. ಲೇಸರಿನ ಅಲೆಗಳು ಒಂದಕ್ಕೊಂದು ಹೆಜ್ಜೆ ತಪ್ಪದೆ ಸಾಗುವುದರಿಂದ, ಬೇರೆ ಬೇರೆ ಕಣಗಳಿಂದ ಬಂದ ಬೆಳಕು ಕಣ್ಣಿನಲ್ಲಿ ಸೇರಿದಾಗ ಕೆಲವೆಡೆ ಕೂಡಿಕೊಂಡು ಬೆಳಗುತ್ತದೆ, ಕೆಲವೆಡೆ ಹೊಡೆದಾಡಿ ಕತ್ತಲಾಗುತ್ತದೆ. ಗೋಡೆಯ ಮೇಲೆ ಲೇಸರ್ ಚುಕ್ಕೆ ಮರಳುಮರಳಾಗಿ ಕಾಣುವುದು ಇದೇ. ಇದಕ್ಕೆ ಸ್ಪೆಕಲ್ ಎಂದು ಹೆಸರು. ಲೇಸರ್ ಹುಟ್ಟಿದ್ದು 1960ರಲ್ಲಿ. ಅದಕ್ಕೂ ಮೊದಲೇ, 1943ರಲ್ಲಿ, ಬೆಂಗಳೂರಿನಲ್ಲಿ ರಾಮನ್ನರ ಶಿಷ್ಯ ಜಿ.ಎನ್. ರಾಮಚಂದ್ರನ್ ಸೂಕ್ಷ್ಮ ಕಣಗಳ ವಿವರ್ತನೆಯಿಂದಾಗುವ ಪ್ರಭಾವಲಯಗಳಲ್ಲಿ ಬೆಳಕಿನ ಈ ಏರುಪೇರನ್ನು ಅಧ್ಯಯನ ಮಾಡಿದ್ದರು. ಪ್ರೋಟೀನುಗಳ ರಚನೆಯಿಂದ ಪ್ರಪಂಚಕ್ಕೆ ಪರಿಚಿತರಾದ ರಾಮಚಂದ್ರನ್ ಇವರೇ.

ಕಣಗಳು ಸ್ಥಿರವಾಗಿದ್ದರೆ ಸ್ಪೆಕಲ್ ಸ್ಥಿರ. ದ್ರವದಲ್ಲಿ ಅವು ಬ್ರೌನಿಯನ್ ಚಲನೆಯಿಂದ (ಸುತ್ತಲಿನ ಅಣುಗಳ ಡಿಕ್ಕಿಯಿಂದ) ಸದಾ ಅಲೆಯುವುದರಿಂದ ಸ್ಪೆಕಲ್ ಕುದಿಯುತ್ತದೆ. ಕುದಿತದ ವೇಗವೇ ಕಣದ ಗಾತ್ರದ ಅಳತೆ, ಏಕೆಂದರೆ ಚಿಕ್ಕ ಕಣ ಬೇಗ ಅಲೆಯುತ್ತದೆ, ದೊಡ್ಡದು ನಿಧಾನ. ತೊಡಕೆಂದರೆ, ನೀರಿನಲ್ಲಿ ಕಾಲು ಮೈಕ್ರೋಮೀಟರಿನ ಕಣದ ಸ್ಪೆಕಲ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟರಲ್ಲಿ ಬದಲಾಗಿಬಿಡುತ್ತದೆ. ಕಣ್ಣಿಗೂ ಮೊಬೈಲಿಗೂ ಅದು ಸಿಗದು. ಹಾಗಾದರೆ ದ್ರವವನ್ನೇ ಸಾವಿರ ಪಟ್ಟು ಮಂದ ಮಾಡೋಣ. ಗ್ಲಿಸರಿನ್ ನೀರಿಗಿಂತ ಸರಿಸುಮಾರು ಅಷ್ಟೇ ಪಟ್ಟು ಸ್ನಿಗ್ಧ.

ಚಿಕ್ಕ ಚೌಕ ಗಾಜಿನ ಪಾತ್ರೆಗೆ ಗ್ಲಿಸರಿನ್ ಸುರಿದು, ಕಡ್ಡಿಯ ತುದಿಯಲ್ಲಿ ಚೂರೇ ಚೂರು ಎಮಲ್ಷನ್ ಬಣ್ಣ ತೆಗೆದು ನಿಧಾನವಾಗಿ ಕಲಕಿ. ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕಣಗಳು ಸಾಮಾನ್ಯವಾಗಿ 200ರಿಂದ 300 ನ್ಯಾನೋಮೀಟರಿನವು. ಅವುಗಳ ಸೂಚ್ಯಂಕ 2.5ಕ್ಕಿಂತ ಹೆಚ್ಚು, ಗ್ಲಿಸರಿನ್ನಿನದು 1.47. ಹಾಗಾಗಿ ಚದುರುವಿಕೆ ಜೋರು. ಇಲ್ಲಿ ಹಾಲು ಬೇಡ. ಹಾಲಿನ ಜಿಡ್ಡಿನ ಸೂಚ್ಯಂಕ ಗ್ಲಿಸರಿನ್ನಿಗೆ ಬಹಳ ಹತ್ತಿರವಿರುವುದರಿಂದ ಅದು ಕಣ್ಮರೆಯಾಗುತ್ತದೆ. ಕಲಕಿದಾಗ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಹೊರಬೀಳಲು ಒಂದು ರಾತ್ರಿ ಮುಚ್ಚಿಡಿ. ಮುಚ್ಚಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ, ಶೇ 5ರಷ್ಟು ನೀರು ಸೇರಿದರೂ ಅದರ ಸ್ನಿಗ್ಧತೆ ಹೆಚ್ಚುಕಡಿಮೆ ಮೂರನೇ ಒಂದಕ್ಕೆ ಇಳಿಯುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಬಾಟಲಿ ತೆರೆದಿಟ್ಟರೆ ಲೆಕ್ಕ ಬುಡಮೇಲಾಗುತ್ತದೆ.

ಕತ್ತಲೆಯಲ್ಲಿ ಲೇಸರ್ ಹಾಯಿಸಿ, ಒಂದು ಮಿಲಿಮೀಟರ್ ತೂತಿನ ರಟ್ಟನ್ನು ಕಣ್ಣಿನ ಮುಂದೆ ಹಿಡಿದು, ಗೆರೆಯನ್ನು ಪಕ್ಕದಿಂದ ನೋಡಿ. ತೂತು ಕಿರಿದಾದಷ್ಟೂ ಸ್ಪೆಕಲಿನ ಕಾಳುಗಳು ದಪ್ಪವಾಗುತ್ತವೆ. ಗೆರೆಯೊಳಗೆ ಬೆಳಕಿನ ಕಾಳುಗಳು ಹುಟ್ಟುತ್ತವೆ, ಕ್ಷಣ ಹೊತ್ತು ಉರಿಯುತ್ತವೆ, ಪಕ್ಕದ ಕಾಳಿಗೆ ಜಾಗ ಬಿಟ್ಟು ಆರುತ್ತವೆ. ಪ್ರತಿ ಕಾಳಿನ ಆಯಸ್ಸು ಒಂದು ಸೆಕೆಂಡಿನ ಆಸುಪಾಸು. ಅವು ಕಣಗಳಲ್ಲ ಎಂಬುದು ನೆನಪಿರಲಿ. ಒಂದೊಂದು ಕಾಳೂ ಅಸಂಖ್ಯ ಕಣಗಳ ಬೆಳಕಿನ ಒಟ್ಟು ಮೊತ್ತ. ಎಲ್ಲ ಕಾಳುಗಳೂ ಒಂದೇ ದಿಕ್ಕಿಗೆ ಸಾಗುತ್ತಿದ್ದರೆ ಅದು ಬ್ರೌನಿಯನ್ ಚಲನೆಯಲ್ಲ, ಉಷ್ಣತೆಯ ವ್ಯತ್ಯಾಸದಿಂದ ದ್ರವವೇ ಹರಿಯುತ್ತಿದೆ. ಪಾತ್ರೆಯನ್ನು ಇನ್ನರ್ಧ ಗಂಟೆ ಮುಟ್ಟದೆ ಬಿಡಿ.

ಅಳೆಯಲು, ಅದೇ ರಟ್ಟನ್ನು ಮೊಬೈಲ್ ಮಸೂರಕ್ಕೆ ಅಂಟಿಸಿ, ನಿಲುವಿನಲ್ಲಿಟ್ಟು, ಫೋಕಸ್ ಮತ್ತು ಬೆಳಕಿನ ಹೊಂದಾಣಿಕೆಯನ್ನು ಸ್ಥಿರಗೊಳಿಸಿ, ಎರಡು ನಿಮಿಷದ ವಿಡಿಯೊ ತೆಗೆಯಿರಿ. ಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲೋ ಪೈಥಾನ್‌ನಲ್ಲೋ ಗೆರೆಯೊಳಗಿನ ಹಲವು ಪಿಕ್ಸೆಲ್‌ಗಳ ಪ್ರಕಾಶವನ್ನು ಕಾಲದೊಡನೆ ಬಿಡಿಸಿಕೊಂಡು, ಪ್ರತಿಯೊಂದರ ಸ್ವಸಹಸಂಬಂಧವನ್ನು ಲೆಕ್ಕ ಹಾಕಿ ಸರಾಸರಿ ತೆಗೆಯಿರಿ. ಅಂದರೆ, ಈಗಿನ ಪ್ರಕಾಶಕ್ಕೂ ಇಷ್ಟು ಹೊತ್ತಿನ ನಂತರದ ಪ್ರಕಾಶಕ್ಕೂ ಎಷ್ಟು ನಂಟು ಉಳಿದಿದೆ ಎಂಬ ಲೆಕ್ಕ. ಆ ನಂಟು ಶೇ 37ಕ್ಕೆ ಇಳಿಯುವ ಹೊತ್ತು ನಮಗೆ ಬೇಕಾದ ಕಾಲ.

ಉದಾಹರಣೆಗೆ ಅದು 0.7 ಸೆಕೆಂಡ್ ಎಂದುಕೊಳ್ಳಿ. ಕೆಂಪು ಲೇಸರಿಗೆ, ಗ್ಲಿಸರಿನ್ನಿನಲ್ಲಿ, 90 ಡಿಗ್ರಿ ಕೋನದಿಂದ ನೋಡುವಾಗ ಚದುರುವಿಕೆಯ ತರಂಗಸಂಖ್ಯೆ ಪ್ರತಿ ಮೈಕ್ರೋಮೀಟರಿಗೆ 20.1. ಅದರ ವರ್ಗ 404. ವಿಸರಣಾಂಕ, ಅಂದರೆ ಕಣಗಳು ಎಷ್ಟು ಬೇಗ ಅಲೆದು ಹರಡುತ್ತವೆ ಎಂಬ ಅಳತೆ, 1 ಭಾಗಿಸು (2 ಗುಣಿಸು 404 ಗುಣಿಸು 0.7). ಸೆಕೆಂಡಿಗೆ 0.00177 ಚದರ ಮೈಕ್ರೋಮೀಟರ್. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸೂತ್ರದಂತೆ, ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಪರಮ ಉಷ್ಣತೆಯಿಂದ ಗುಣಿಸಿ, ಅದನ್ನು 3 ಪೈ, ಸ್ನಿಗ್ಧತೆ ಮತ್ತು ವಿಸರಣಾಂಕಗಳ ಗುಣಲಬ್ಧದಿಂದ ಭಾಗಿಸಿದರೆ ವ್ಯಾಸ. 25 ಡಿಗ್ರಿಯಲ್ಲಿ ಗ್ಲಿಸರಿನ್ನಿನ ಸ್ನಿಗ್ಧತೆ 0.93 ಪಾಸ್ಕಲ್-ಸೆಕೆಂಡ್ ಎಂದು ಹಿಡಿದರೆ 0.000469 ಭಾಗಿಸು 0.00177, ಅಂದರೆ 0.265 ಮೈಕ್ರೋಮೀಟರ್. ಕೋಣೆ 30 ಡಿಗ್ರಿ ಇದ್ದರೆ ಸ್ನಿಗ್ಧತೆ 0.6ರ ಸುತ್ತ ಇರುತ್ತದೆ. ಥರ್ಮಾಮೀಟರ್ ಇಲ್ಲದೆ ಈ ಲೆಕ್ಕಕ್ಕೆ ಕೈಹಾಕಬೇಡಿ.

ಹಂತ 6: ಹಾಲು ಮೊಸರಾಗುವ ಹೊತ್ತನ್ನು ಹಿಡಿಯುವುದು

ಎರಡು ಬಿಳಿ ಬಟ್ಟಲು ತೆಗೆದುಕೊಳ್ಳಿ. ಎರಡಕ್ಕೂ ಕಾಯಿಸಿ ಆರಿಸಿದ, ಸುಮಾರು 40 ಡಿಗ್ರಿಯ ಹಾಲು ಹಾಕಿ. ಒಂದಕ್ಕೆ ಮಾತ್ರ ಹೆಪ್ಪು ಹಾಕಿ. ಎರಡರ ಮೇಲೂ ಒಂದೇ ಓರೆಯಲ್ಲಿ ಲೇಸರ್ ಬೀಳಿಸಿ. ಮೇಲ್ಮೈಯಿಂದ ಹಾರುವ ಪ್ರತಿಫಲನಕ್ಕೆ ಕಪ್ಪು ರಟ್ಟು ಅಡ್ಡವಿರಲಿ. ರಟ್ಟಿನ ತೂತಿನ ಮೂಲಕ ಮೊದಲು ಬಿಳಿ ಕಾಗದದ ಮೇಲಿನ ಚುಕ್ಕೆ ನೋಡಿ: ಮರಳು ಸ್ಪಷ್ಟ. ಹಾಲಿನ ಮೇಲಿನ ಚುಕ್ಕೆ ನೋಡಿ: ಮರಳೇ ಇಲ್ಲ, ನುಣ್ಣಗಿನ ಕೆಂಪು. ದಟ್ಟ ಹಾಲಿನಲ್ಲಿ ಪ್ರತಿ ಫೋಟಾನ್ ನೂರಾರು ಕಣಗಳನ್ನು ಹಾಯ್ದು ಬರುವುದರಿಂದ ಎಲ್ಲ ಕಣಗಳ ಸಣ್ಣ ಸಣ್ಣ ಚಲನೆಯೂ ಕೂಡಿ, ಸ್ಪೆಕಲ್ ಸೆಕೆಂಡಿನ ಲಕ್ಷದ ಕೆಲವು ಭಾಗಗಳಲ್ಲೇ ಬದಲಾಗಿ ಹೋಗುತ್ತದೆ. ಕಣ್ಣು ಸರಾಸರಿಯನ್ನಷ್ಟೇ ನೋಡುತ್ತದೆ.

ಅರ್ಧ ಗಂಟೆಗೊಮ್ಮೆ ನೋಡುತ್ತಿರಿ. ಹುಳಿ ಏರಿದಂತೆ ಕೇಸೀನ್ ಕಣಗಳು ತಮ್ಮ ವಿದ್ಯುದಂಶ ಕಳೆದುಕೊಂಡು ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತವೆ. ಪಿಎಚ್ 4.6ರ ಸಮೀಪ ಆ ಬಲೆ ಗಟ್ಟಿಯಾಗುತ್ತದೆ. ಬಲೆಗೆ ಸಿಕ್ಕ ಕಣ ಅಲೆಯಲಾರದು. ನುಣ್ಣಗಿದ್ದ ಚುಕ್ಕೆಯಲ್ಲಿ ಮೊದಲು ಮಸುಕಾದ ಕಾಳುಗಳು ಕಾಣಿಸಿಕೊಂಡು, ಕ್ರಮೇಣ ಕಾಗದದ ಮೇಲಿನಷ್ಟೇ ತೀಕ್ಷ್ಣವಾಗುತ್ತವೆ. ಚಮಚ ಅದ್ದಿ ಮೊಸರು ಕೆಡಿಸದೆಯೇ ಹೆಪ್ಪು ಕೂಡಿದ್ದು ತಿಳಿಯುತ್ತದೆ. ಹೆಪ್ಪು ಹಾಕದ ಬಟ್ಟಲು ಅಷ್ಟು ಹೊತ್ತೂ ನುಣ್ಣಗೆ ಉಳಿಯಬೇಕು.

ಇಲ್ಲಿ ಮೋಸ ಹೋಗುವ ಒಂದು ಜಾಗವಿದೆ: ಕೆನೆ. ಹಾಲಿನ ಮೇಲೆ ತೆಳುವಾದ ಪದರ ಕಟ್ಟಿದರೆ ಆ ಪದರವೇ ಸ್ಥಿರ ಸ್ಪೆಕಲ್ ತೋರಿಸುತ್ತದೆ, ಕೆಳಗಿನ ಹಾಲು ಇನ್ನೂ ನೀರಾಗಿಯೇ ಇರುತ್ತದೆ. ಕೆನೆ ತೆಗೆದ ಹಾಲು ಬಳಸಿ, ಅಳತೆಗಳ ನಡುವೆ ಬಟ್ಟಲು ಮುಚ್ಚಿಡಿ. ಹೆಪ್ಪು ಹಾಕದ ಬಟ್ಟಲಿನಲ್ಲೂ ಮರಳು ಕಂಡಿತೆಂದರೆ ಕೆನೆ ಕಟ್ಟಿದೆಯೆಂದೇ ಅರ್ಥ. ಬಟ್ಟಲುಗಳನ್ನು ಕಲ್ಲಿನ ಕಟ್ಟೆಯ ಮೇಲಿಡಿ. ಪಕ್ಕದಲ್ಲಿ ಫ್ರಿಜ್ಜಿನ ಮೋಟಾರ್ ಓಡುತ್ತಿದ್ದರೆ ಗಟ್ಟಿ ಮೊಸರಿನ ಸ್ಪೆಕಲ್ಲೂ ನಡುಗುತ್ತದೆ. ಕಣ್ಣಿಗಿಂತ ಮೊಬೈಲ್ ನಂಬಿಗಸ್ತ: ಒಂದು ಸೆಕೆಂಡ್ ಅಂತರದ ಎರಡು ಚಿತ್ರಗಳಲ್ಲಿ ಕಾಳುಗಳು ಅದೇ ಜಾಗದಲ್ಲಿದ್ದರೆ ಮೊಸರು ಕೂತಿದೆ.

ಲೇಸರ್ ಕಣಗಳನ್ನು ತಳ್ಳುತ್ತದೆಯೇ?

ಈ ಪ್ರಶ್ನೆ ಬಂದೇ ಬರುತ್ತದೆ. ತಳ್ಳುತ್ತದೆ, ಆದರೆ ನಿಮ್ಮ ಪಾಯಿಂಟರಿನಿಂದ ಅದು ಕಾಣದು. 1 ಮಿಲಿವ್ಯಾಟ್ ಬೆಳಕನ್ನು ಪೂರ್ತಿ ಹೀರಿಕೊಂಡರೂ ಆಗುವ ಬಲ ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಮೂರು ಭಾಗ. ಅದರಲ್ಲೂ ಒಂದು ಕಣಕ್ಕೆ ದಕ್ಕುವುದು ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಆರ್ಥರ್ ಆಶ್ಕಿನ್ 1970ರಲ್ಲಿ ಆರ್ಗಾನ್ ಲೇಸರನ್ನು ಬಿಗಿಯಾಗಿ ಕೇಂದ್ರೀಕರಿಸಿ ನೀರಿನಲ್ಲಿದ್ದ ಸೂಕ್ಷ್ಮ ಗೋಲಗಳನ್ನು ತಳ್ಳಿ, ಎದುರುಬದುರಾದ ಎರಡು ಕಿರಣಗಳ ನಡುವೆ ಹಿಡಿದಿಟ್ಟರು. 1986ರ ಹೊತ್ತಿಗೆ ಒಂದೇ ಕಿರಣದ ಬೆಳಕಿನ ಚಿಮುಟ ಸಿದ್ಧವಾಯಿತು. 2018ರ ನೊಬೆಲ್ ಅದಕ್ಕೆ ಬಂತು. ನಿಮ್ಮ ಪಾತ್ರೆಯಲ್ಲಿ ಕಣಗಳು ಕಿರಣದ ಗುಂಟ ತೇಲಿದಂತೆ ಕಂಡರೆ ಅದು ದ್ರವದ ಹರಿವೇ.

ಪ್ರಯೋಗಾಲಯದ ಯಂತ್ರದ ಮುಂದೆ ಕೂರುವವರಿಗೆ

ಔಷಧ, ಬಣ್ಣ, ನ್ಯಾನೋ ಪದಾರ್ಥಗಳ ಪ್ರಯೋಗಾಲಯಗಳಲ್ಲಿರುವ ಡೈನಮಿಕ್ ಲೈಟ್ ಸ್ಕ್ಯಾಟರಿಂಗ್ ಯಂತ್ರ ಮಾಡುವುದು ಐದನೇ ಹಂತದ ಕೆಲಸವನ್ನೇ. ವಿಡಿಯೊ ಬದಲು ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಸಂವೇದಕ, ಗ್ಲಿಸರಿನ್ ಬದಲು ನೀರು. ಇಂಥ ಅಳತೆಯನ್ನು ಹೀಲಿಯಂ-ನಿಯಾನ್ ಲೇಸರಿನಿಂದ ಮೊದಲು ಮಾಡಿ ತೋರಿಸಿದವರು 1964ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಮಿನ್ಸ್, ನೇಬಲ್ ಮತ್ತು ಯೆ.

ಯಂತ್ರ ಕೊಡುವ ಅಂಕಿಯನ್ನು ಹಾಗೆಯೇ ವರದಿಗೆ ಇಳಿಸಬೇಡಿ. ಅದು ಕಣಗಳ ಸಂಖ್ಯೆಯ ಸರಾಸರಿಯಲ್ಲ, ಬೆಳಕಿನ ಸರಾಸರಿ. 100 ನ್ಯಾನೋಮೀಟರಿನ ಹತ್ತಾರು ಸಾವಿರ ಕಣಗಳ ನಡುವೆ ಒಂದೇ ಒಂದು ಮೈಕ್ರೋಮೀಟರಿನ ಉಂಡೆ ಸೇರಿಕೊಂಡರೂ ಆ ಸರಾಸರಿ ಉಂಡೆಯ ಕಡೆಗೆ ವಾಲುತ್ತದೆ. ಮಾದರಿಯನ್ನು 0.45 ಅಥವಾ 0.2 ಮೈಕ್ರೋಮೀಟರಿನ ಸಿರಿಂಜ್ ಶೋಧಕದಲ್ಲಿ ಸೋಸಿ. ನಿಮ್ಮ ಕಣಗಳೇ ಅಷ್ಟು ದೊಡ್ಡವಾದರೆ ಕಣಗಳಿಲ್ಲದ ಬರೀ ದ್ರವವನ್ನಷ್ಟೇ ಸೋಸಿ, ಕಣಗಳನ್ನು ಆಮೇಲೆ ಸೇರಿಸಿ. ಯಂತ್ರಕ್ಕೆ ಕೊಡುವ ಉಷ್ಣತೆ ಮತ್ತು ಸ್ನಿಗ್ಧತೆ ನಿಮ್ಮ ದ್ರವದ್ದೇ ಆಗಿರಲಿ, ತಂತ್ರಾಂಶದಲ್ಲಿ ಮೊದಲೇ ತುಂಬಿರುವ ನೀರಿನ ಅಂಕಿಗಳಲ್ಲ. ಕೊನೆಗೆ ಮಾದರಿಯನ್ನು ಅರ್ಧಕ್ಕೆ ತೆಳುಗೊಳಿಸಿ ಮತ್ತೆ ಅಳೆಯಿರಿ, ಇನ್ನೊಮ್ಮೆ ಅರ್ಧಕ್ಕಿಳಿಸಿ ಅಳೆಯಿರಿ. ಮೂರು ಬಾರಿಯೂ ಒಂದೇ ಗಾತ್ರ ಬಂದರೆ ಅಂಕಿಯನ್ನು ಬರೆದುಕೊಳ್ಳಬಹುದು. ತೆಳುವಾದಂತೆ ಗಾತ್ರವೂ ಬದಲಾಗುತ್ತಾ ಹೋದರೆ ಮಾದರಿ ಇನ್ನೂ ದಟ್ಟವಾಗಿದೆ ಅಥವಾ ಕಣಗಳು ಉಂಡೆ ಕಟ್ಟುತ್ತಿವೆ ಇಲ್ಲವೇ ಉಂಡೆ ಒಡೆಯುತ್ತಿವೆ. ಆಗ ಎರಡನೇ ಹಂತಕ್ಕೆ ಮರಳಿ, ಅದೇ ಮಾದರಿಗೆ ಒಮ್ಮೆ ಪಾಯಿಂಟರ್ ಹಾಯಿಸಿ ಮೂಲೆಗಳು ಕೆಂಪಾಗುತ್ತವೆಯೇ ನೋಡಿ.